ಕೊಕನಿಗೆ ಇಳಿಸಿದ ಗಾಳಕ್ಕೆ ಹತ್ತಿದ್ದು ಬೇರೆ

"ಭಾವ, ಟ್ರೋಲಿಂಗ್ ಅಂದ್ರೆ ಫೇಸ್‌ಬುಕ್‌ನಲ್ಲಿ ಕಾಲೆಳೀತಾರಲ್ಲ, ಅದಾ?" ಅಂತ ಭಾಮೈದ ಕೇಳಿದ. ಅದಲ್ಲ ಮಾರಾಯ. ಮಲ್ಪೆಯಲ್ಲಿ ಬಲೆ ಎಳೆಯುವ ಟ್ರಾಲ್ ಬೋಟೂ ಅಲ್ಲ. ದೋಣಿಯನ್ನು ನಡಿಗೆಗಿಂತ ನಿಧಾನಕ್ಕೆ, ಗಂಟೆಗೆ ಒಂದೂಕಾಲು ಮೈಲಿಯ ಹಾಗೆ ಓಡಿಸುತ್ತಾ ಹಿಂದೆ ಗಾಳ ಎಳೆದುಕೊಂಡು ಹೋಗುವುದು, ಅಷ್ಟೇ.

ನಾನಿರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್‌ನಲ್ಲಿ. ಅಲ್ಲಿಂದ ಒಂದೂವರೆ ಗಂಟೆ ಕಾರು ಓಡಿಸಿದರೆ ಉತ್ತರ ಐಡಾಹೋದ ಪಾಂಡರೇ ಸರೋವರ ಸಿಗುತ್ತದೆ. ಫ್ರೆಂಚ್ ಹೆಸರು, ಬೋರ್ಡ್ ನೋಡಿ ಓದಿದರೆ ನಾಲಿಗೆ ತಿರುಚಿಕೊಳ್ಳುತ್ತದೆ. ಆಳ 1,150 ಅಡಿ. ತೀರ್ಥಹಳ್ಳಿ ಕಡೆ ಎರೆಹುಳ ಚುಚ್ಚಿ, ಬೆಂಡು ಮುಳುಗುವುದನ್ನೇ ಕಾಯುತ್ತಾ ಕೂತು ಬೆಳೆದ ನನಗೆ, ಮೊದಲ ವರ್ಷ ಆ ನೀರು ನೋಡಿದರೇ ಹೊಟ್ಟೆ ತಣ್ಣಗಾಗುತ್ತಿತ್ತು.

ಕೊಕನಿ ಅಂದರೆ ಸಮುದ್ರಕ್ಕೆ ಹೋಗದೆ ಸರೋವರದಲ್ಲೇ ಬದುಕು ಮುಗಿಸುವ ಸಾಕೈ ಸಾಲ್ಮನ್. ಇಲ್ಲಿ ಹತ್ತು ಇಂಚು ಇದ್ದರೆ ಚೆನ್ನಾಗಿ ಬೆಳೆದಿದೆ ಅಂತ ಲೆಕ್ಕ. ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣುವುದೇ ಕಷ್ಟ ಅನ್ನುವಷ್ಟು ಸಣ್ಣ ಜೀವಿಗಳನ್ನು ತಿಂದು ಬದುಕುತ್ತದೆ. ಹಾಗಾಗಿ ಹಸಿವಿಗಿಂತ ಸಿಟ್ಟಿಗೆ ಗಾಳ ಕಚ್ಚುತ್ತದೆ ಅನ್ನುತ್ತಾರೆ. ಸಿಟ್ಟು ಬರಿಸಲಿಕ್ಕೆ ಅಂತಲೇ ಡಾಡ್ಜರ್ ಕಟ್ಟುವುದು. ಅದೊಂದು ಹೊಳೆಯುವ ತಗಡು, ಎಳೆದಾಗ ಆ ಕಡೆ ಈ ಕಡೆ ಓಲಾಡುತ್ತದೆ. ಅದರ ಹಿಂದೆ ಒಂದು ಗೇಣು ದಾರ, ಗುಲಾಬಿ ಬಣ್ಣದ ಪುಟ್ಟ ಲ್ಯೂರ್ ಅಂದರೆ ನಕಲಿ ಎರೆ, ಕೊಕ್ಕೆಗೆ ಬಿಳಿ ಮೆಕ್ಕೆಜೋಳದ ಎರಡು ಕಾಳು. ಕಾಳನ್ನು ಹಿಂದಿನ ರಾತ್ರಿಯೇ ಟ್ಯೂನಾ ಎಣ್ಣೆ, ಜಜ್ಜಿದ ಬೆಳ್ಳುಳ್ಳಿಯಲ್ಲಿ ನೆನೆಸಿ ಫ್ರಿಜ್ಜಿನಲ್ಲಿ ಇಡುತ್ತೇನೆ. ಒಮ್ಮೆ ಆ ಡಬ್ಬಿ ಮೊಸರಿನ ಪಕ್ಕ ಇಟ್ಟು ಮನೆಯಲ್ಲಿ ಕೇಳಬಾರದ್ದೆಲ್ಲ ಕೇಳಿಸಿಕೊಂಡಿದ್ದೇನೆ.

ಗಾಳ ಆಳಕ್ಕೆ ಇಳಿಸಲು ಡೌನ್‌ರಿಗ್ಗರ್ ಬೇಕು. ಉಕ್ಕಿನ ತಂತಿಯ ತುದಿಗೆ ಹತ್ತು ಪೌಂಡಿನ ಸೀಸದ ಗುಂಡು. ಗಾಳದ ದಾರವನ್ನು ಆ ತಂತಿಗೆ ಒಂದು ಕ್ಲಿಪ್‌ನಲ್ಲಿ ಸಿಕ್ಕಿಸುತ್ತೇವೆ. ಮೀನು ಕಚ್ಚಿ ಎಳೆದರೆ ಕ್ಲಿಪ್ ಬಿಟ್ಟುಕೊಳ್ಳುತ್ತದೆ, ಬಗ್ಗಿದ್ದ ಕೋಲು ಚಟ್ ಅಂತ ನೆಟ್ಟಗಾಗುತ್ತದೆ. ಸಣ್ಣ ಕೊಕನಿಗೆ ಕ್ಲಿಪ್ ಬಿಡಿಸುವ ಶಕ್ತಿಯೇ ಇರುವುದಿಲ್ಲ. ಕೋಲಿನ ತುದಿ ಸುಮ್ನೆ ನಡುಗುತ್ತದೆ. ಆ ನಡುಕ ಗಮನಿಸದಿದ್ದರೆ ಮೀನನ್ನು ಅರ್ಧ ಗಂಟೆ ಊರೆಲ್ಲ ಸುತ್ತಿಸಿರುತ್ತೇವೆ.

ಅದೇ ತೊಂದರೆ ಶುರುವಾಗುವ ಜಾಗ. ಕೊಕನಿ ಅಂದರೆ ಆ ಸರೋವರದ ದೊಡ್ಡ ಮೀನುಗಳಿಗೆಲ್ಲ ಊಟ. ಹೊಳೆಯುವ ತಗಡು, ಒದ್ದಾಡುವ ಪುಟ್ಟ ಮೀನು... ನಾವು ಊಟಕ್ಕೆ ಗಂಟೆ ಬಾರಿಸಿದ ಹಾಗೆ.

ಮೊನ್ನೆ ಜುಲೈಯಲ್ಲಿ ಆಗಿದ್ದು ಅದೇ. ಬೆಳಿಗ್ಗೆ ಐದೂವರೆ, ಗುಂಡು 80 ಅಡಿಯಲ್ಲಿತ್ತು. ಎಡಗಡೆ ಕೋಲಿನ ತುದಿ ನಡುಗಿತು. ನಾನು ಎದ್ದು ಹೋಗುವಷ್ಟರಲ್ಲಿ ಕೋಲು ನೆಟ್ಟಗಾಗಿ, ಮತ್ತೆ ಹಿಡಿಯವರೆಗೆ ಬಗ್ಗಿತು. ಕೊಕನಿ ಆದರೆ ಬುಗುರಿ ಥರ ಸುತ್ತುತ್ತದೆ. ರೇನ್‌ಬೋ ಟ್ರೌಟ್ ಆದರೆ ದೋಣಿಯ ಹಿಂದೆ ಎಲ್ಲೋ ದೂರದಲ್ಲಿ ಹಾರುತ್ತದೆ. ಇದು ಎರಡೂ ಮಾಡಲಿಲ್ಲ. ಆಳದಲ್ಲೇ ನಿಂತು, ಬೇಡ ಬೇಡ ಅನ್ನುವ ಹಾಗೆ ತಲೆ ಒದರುತ್ತಿತ್ತು.

"ಲೇಕ್ ಟ್ರೌಟ್ ಕಣೋ, ಹದಿನೈದು ಡಾಲರ್!" ಅಂದೆ.

ಆ ಲೆಕ್ಕ ಸ್ವಲ್ಪ ಹೇಳಬೇಕು. ಲೇಕ್ ಟ್ರೌಟನ್ನು 1925ರಲ್ಲಿ ಈ ನೀರಿಗೆ ತಂದು ಬಿಟ್ಟರು. ಬಹಳ ವರ್ಷ ಸುಮ್ಮನಿದ್ದ ಅದು ಆಮೇಲೆ ಜಾಸ್ತಿಯಾಗಿ ಕೊಕನಿಯನ್ನು ಬಳಿದು ತಿಂದಿತು. 2000ದಲ್ಲಿ ಕೊಕನಿ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು, ಮತ್ತೆ ಬಿಟ್ಟದ್ದು 2013ರಲ್ಲಿ. ನಡುವೆ 2006ರಲ್ಲಿ ರಾಜ್ಯದ ಮೀನು ಇಲಾಖೆ ಲೇಕ್ ಟ್ರೌಟಿನ ತಲೆಗೆ ಬೆಲೆ ಕಟ್ಟಿತು. ಒಂದು ತಲೆಗೆ 15 ಡಾಲರ್. ನಿಜವಾದ ತಲೆ. ಕತ್ತರಿಸಿ, ಚೀಲಕ್ಕೆ ಹಾಕಿ, ದಡದಲ್ಲಿಟ್ಟ ಫ್ರೀಜರಿಗೆ ಹಾಕಬೇಕು.

ಹತ್ತು ನಿಮಿಷ ಎಳೆದಾಡಿದೆ. ಕೊಕನಿಯ ಬಾಯಿ ಮೆದು ಅಂತ ಮೆತ್ತನೆಯ ಕೋಲು ಇಟ್ಟಿರುತ್ತೇನೆ, ದಾರ ಬೇರೆ ತೆಳ್ಳಗೆ. ಮೀನಿಗಿಂತ ಮೊದಲು ಗುಳ್ಳೆಗಳು ಬಂದವು, ನೀರು ಕುದಿದ ಹಾಗೆ. ಆಳದಿಂದ ಬರುವ ಈ ಜಾತಿಯ ಮೀನು ಒಳಗಿನ ಗಾಳಿ ಬಿಡುತ್ತಾ ಮೇಲೆ ಬರುತ್ತದೆ. ನನ್ನ ನಂಬಿಕೆ ಗಟ್ಟಿಯಾಯಿತು. ಬಲೆಯಲ್ಲಿ ಎರಡಡಿ ಉದ್ದದ ಮೀನು. ನಾನು ತಲೆಗೆ ಕುಟ್ಟಲು ದೊಣ್ಣೆ ಎತ್ತಿದ್ದೆ.

"ಭಾವ, ನಿಲ್ಲಿ. ರೆಕ್ಕೆ ನೋಡಿದ್ರಾ?"

ನಾನು ದೋಣಿಯ ಟ್ರೇಲರ್ ಹಿಂದೆ ಮುಂದೆ ಮಾಡುತ್ತಾ ಬೆವರುತ್ತಿದ್ದಾಗ ಇವನು ಬೇಜಾರಿಗೆ ದಡದ ಬೋರ್ಡು ಓದಿದ್ದನಂತೆ. 'ನೋ ಬ್ಲ್ಯಾಕ್, ಪುಟ್ ಇಟ್ ಬ್ಯಾಕ್.' ಬೆನ್ನಿನ ರೆಕ್ಕೆಯಲ್ಲಿ ಕಪ್ಪು ಇಲ್ಲದಿದ್ದರೆ ವಾಪಸ್ ಬಿಡು. ಐದು ವರ್ಷದಿಂದ ಬರುತ್ತಿರುವ ನನಗೆ ಅದು ಬಾಯಿಪಾಠ. ಹದಿನೈದು ಡಾಲರ್ ಮುಂದೆ ಮರೆತೇ ಹೋಗಿತ್ತು.

ಮೀನನ್ನು ಬಲೆಯಲ್ಲೇ, ನೀರಿನಲ್ಲೇ ಇಟ್ಟುಕೊಂಡು ಬಗ್ಗಿದೆ. ಬೆನ್ನಿನ ರೆಕ್ಕೆ ಮೈಗೆ ಅಂಟಿಕೊಂಡಿತ್ತು. ಕೈ ಒದ್ದೆ ಮಾಡಿಕೊಂಡು, ಬೀಸಣಿಗೆ ಬಿಡಿಸುವ ಹಾಗೆ ಬೆರಳಿನಿಂದ ಬಿಡಿಸಿದೆ. ತಿಳಿ ಹಸಿರು, ಬೆಳಕು ಹಾಯುತ್ತಿತ್ತು. ಒಂದು ಚುಕ್ಕೆ, ಒಂದು ಗೆರೆ ಇಲ್ಲ. ಮೈಮೇಲೆ ಮಾಸಿದ ಹಳದಿ, ಕಿತ್ತಳೆ ಚುಕ್ಕೆಗಳು. ಬಾಲದಲ್ಲಿ ಕವಲು ಅಂತ ಹೇಳಲೂ ಆಗದಷ್ಟು ಸಣ್ಣ ಕಚ್ಚು. ಬುಲ್ ಟ್ರೌಟ್.

ಈ ಭಾಗದ ಬುಲ್ ಟ್ರೌಟಿಗೆ 1998ರಿಂದ ಕಾನೂನಿನ ರಕ್ಷಣೆ ಇದೆ. ಕೊಂದಿದ್ದರೆ ದಂಡದ ಮಾತು ಆಮೇಲೆ, ಮುಖ ಎಲ್ಲಿ ಇಟ್ಟುಕೊಳ್ಳಲಿ? ಈ ಸರೋವರಕ್ಕೆ ಅದು ಮೂಲದ ಒಡೆಯ. 1949ರಲ್ಲಿ ಇಲ್ಲೇ 32 ಪೌಂಡಿನದೊಂದು ಸಿಕ್ಕಿತ್ತು, ವಿಶ್ವ ದಾಖಲೆ. ನಾನು ಹುಡುಕಿಕೊಂಡು ಬರುವ ಕೊಕನಿಯೇ 1930ರ ದಶಕದಲ್ಲಿ ಮೊಂಟಾನಾದ ಫ್ಲ್ಯಾಟ್‌ಹೆಡ್ ಸರೋವರದಿಂದ ನದಿ ಹಿಡಿದು ಇಳಿದು ಬಂದ ನೆಂಟ. ಅನಿರೀಕ್ಷಿತ ಮೀನು ಅಂತ ನಾನು ಯಾರನ್ನು ಅಂದುಕೊಂಡಿದ್ದೆನೋ ಮನೆ ಅವರದೇ, ಅಲ್ವಾ?

ಮುಳ್ಳಿಲ್ಲದ ಕೊಕ್ಕೆ, ಇಕ್ಕಳ ಹಾಕಿ ತಿರುಗಿಸಿದೊಡನೆ ಬಿಟ್ಟುಕೊಂಡಿತು. ತಲೆ ಕೆಳಗೆ ಮಾಡಿ ಒಂದು ಸಲ ನೂಕಿದೆ. ಬಾಲ ಬೀಸಿ ನನ್ನ ಕನ್ನಡಕಕ್ಕೆ ನೀರು ಹೊಡೆದು ಹೋಯಿತು.

ಆಮೇಲೆ ದಿನವೆಲ್ಲ ಹಾಗೇ. ಒಂದು ಪೈಕ್‌ಮಿನ್ನೋ ಬಂತು. ಉದ್ದ ಮೂತಿ, ದೊಡ್ಡ ಬಾಯಿ, ಒಳಗೆ ಬೆರಳಾಡಿಸಿದರೆ ದವಡೆಯಲ್ಲಿ ಹಲ್ಲೇ ಇಲ್ಲ. ನಮ್ಮ ಕಾಟ್ಲಾ, ರೋಹುವಿನ ದೂರದ ನೆಂಟ. ಸಾರು ಮಾಡಬಹುದಲ್ಲ ಅಂತ ಭಾಮೈದ ಆಸೆಪಟ್ಟ. ಒಮ್ಮೆ ಮಾಡಿ ನೋಡಿದ್ದೇನೆ, ಮುಳ್ಳು ಆರಿಸುವುದರಲ್ಲೇ ಊಟದ ಹೊತ್ತು ಮುಗಿಯುತ್ತದೆ. ಇನ್ನೊಂದು ರೇನ್‌ಬೋ ಎರಡು ಸಲ ಹಾರಿ ಡಾಡ್ಜರ್ ಸಮೇತ ದಾರ ಕಡಿದುಕೊಂಡು ಹೋಯಿತು. 1947ರಲ್ಲಿ 37 ಪೌಂಡಿನ ರೇನ್‌ಬೋ ಕೊಟ್ಟ ನೀರಿನಲ್ಲಿ ಆರು ಪೌಂಡ್ ತಡೆಯುವ ದಾರ ಕಟ್ಟಿದ್ದು ನನ್ನದೇ ತಪ್ಪು. ಈಗ ಹತ್ತು ಪೌಂಡಿನದು ಕಟ್ಟುತ್ತೇನೆ. ಕೊಕನಿ ಅದಕ್ಕೇನೂ ಬೇಜಾರು ಮಾಡಿಕೊಂಡ ಹಾಗಿಲ್ಲ. ಡೌನ್‌ರಿಗ್ಗರ್ ಪಕ್ಕಕ್ಕೆ ಬುಲ್ ಟ್ರೌಟ್, ಲೇಕ್ ಟ್ರೌಟ್ ಎರಡರ ಚಿತ್ರವನ್ನೂ ಅಂಟಿಸಿದ್ದೇನೆ. ದೊಣ್ಣೆಯನ್ನು ಕೈಗೆ ಸುಲಭವಾಗಿ ಸಿಗದ ಕಡೆ ಇಟ್ಟಿದ್ದೇನೆ.

ಹತ್ತು ಗಂಟೆಯ ಹೊತ್ತಿಗೆ ನಿಜವಾದ ಲೇಕ್ ಟ್ರೌಟೇ ಬಂತು. ಕತ್ತರಿಯ ಹಾಗೆ ಕವಲೊಡೆದ ಬಾಲ, ರೆಕ್ಕೆ ತುಂಬ ಕಪ್ಪು ಬಿಳಿ ಚುಕ್ಕೆ. ಆದರೂ ಇಬ್ಬರೂ ಒಬ್ಬರ ನಂತರ ಒಬ್ಬರು ರೆಕ್ಕೆ ಬಿಡಿಸಿ ನೋಡಿದೆವು. ತಲೆ ಫ್ರೀಜರಿಗೆ ಹೋಯಿತು, ಚೀಟಿಯನ್ನು ಭಾಮೈದ ತುಂಬಿದ. ಮನೆಗೆ ತಂದದ್ದು ನಾಲ್ಕು ಕೊಕನಿ. ಬ್ಯಾಡಗಿ ಮೆಣಸಿನ ಮಸಾಲೆ ಹಚ್ಚಿ ತವಾದಲ್ಲಿ ಹುರಿದರೆ ಕಿತ್ತಳೆ ಬಣ್ಣದ ಮಾಂಸ ಬೆಣ್ಣೆಯ ಹಾಗೆ ಬಿಡುತ್ತದೆ. ಚೆಕ್ ಆಮೇಲೆ ನನ್ನ ಹೆಸರಿಗೇ ಬಂತು. ಅದರಲ್ಲಿ ಏಳೂವರೆ ಡಾಲರ್ ತನ್ನದು ಅಂತ ಭಾಮೈದ ಫೋನ್ ಮಾಡಿದಾಗಲೆಲ್ಲ ಕೇಳುತ್ತಾನೆ.