ಫೋಲ್ಡರ್ ಒಳಗಿನ ಫೋಲ್ಡರ್‌ನಲ್ಲೂ ಫೈಲ್ ಹುಡುಕುವುದು ಹೇಗೆ?

ಫೋಟೊಗಳಿಗೆ ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ತಿಂಗಳಿಗೊಂದು ಫೋಲ್ಡರ್. ಇಡಲು ಚೆಂದ, ಹುಡುಕಲು ಕಷ್ಟ. ಎಲ್ಲ ಜೆಪಿಜಿ ಫೈಲ್‌ಗಳ ಪಟ್ಟಿ ಬೇಕಾದರೆ ಒಂದೊಂದನ್ನೇ ತೆರೆಯುತ್ತಾ ಕೂರಬೇಕಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮೂರು ಸಾಲು ಬರೆದರೆ ಆಯಿತು.

ಮೊದಲು ಪಾಥ್‌ಲಿಬ್ ಎಂಬ ಮಾಡ್ಯೂಲ್‌ನಿಂದ (ಸಿದ್ಧ ಕೋಡ್‌ನ ಕಟ್ಟು) ಪಾಥ್ ಅನ್ನು ಇಂಪೋರ್ಟ್ ಮಾಡಿ. 2014ರಲ್ಲಿ ಬಂದ ಪೈಥಾನ್ 3.4ರಿಂದ ಇದು ಜೊತೆಗೇ ಬರುತ್ತದೆ, ಬೇರೆ ಇನ್‌ಸ್ಟಾಲ್ ಬೇಡ.

ಎರಡನೇ ಸಾಲು ಫಾರ್ ಲೂಪ್, ಅಂದರೆ ಸಿಕ್ಕ ಪ್ರತಿ ಫೈಲ್‌ಗೂ ಅದೇ ಕೆಲಸ ಮಾಡಿಸುವ ಸಾಲು. ಪಾಥ್‌ಗೆ ಫೋಲ್ಡರ್‌ನ ವಿಳಾಸ ಕೊಡಿ, ಚುಕ್ಕೆ ಹಾಕಿ ಆರ್‌ಗ್ಲಾಬ್ ಎಂದು ಬರೆಯಿರಿ. ಅದರ ಬ್ರಾಕೆಟ್ಟಿನಲ್ಲಿ ಕೋಟ್ ಹಾಕಿ *.ಜೆಪಿಜಿ ಎಂದು ಕೊಡಿ (ಜೆಪಿಜಿ ಇಂಗ್ಲಿಷಿನ ಸಣ್ಣಕ್ಷರದಲ್ಲಿರಲಿ). ಮೂರನೇ ಸಾಲಿನಲ್ಲಿ ಪ್ರಿಂಟ್. ಬರೀ ಗ್ಲಾಬ್ ಎಂದರೆ ಮೇಲಿನ ಫೋಲ್ಡರ್ ಮಾತ್ರ ನೋಡುತ್ತದೆ. ಮುಂದೆ ಆರ್ ಸೇರಿಸಿದರೆ ಎಷ್ಟು ಆಳವಿದ್ದರೂ ಇಳಿಯುತ್ತದೆ.

ಇನ್ನು ಪ್ಯಾಟರ್ನ್, ಅಂದರೆ ಕೋಟ್ ಒಳಗೆ ಕೊಡುವ ಹುಡುಕಾಟದ ಮಾದರಿ. ನಿಜವಾದ ಕೆಲಸ ಇರುವುದೇ ಇಲ್ಲಿ. * ಎಂದರೆ ಎಷ್ಟು ಅಕ್ಷರ ಬೇಕಾದರೂ ಇರಬಹುದು, ಇಲ್ಲದೆಯೂ ಇರಬಹುದು. ? ಎಂದರೆ ಒಂದೇ ಅಕ್ಷರ. ರಸೀದಿ_202[45]* ಎಂದು ಬರೆದರೆ 2024 ಮತ್ತು 2025ರ ರಸೀದಿಗಳು ಸಿಗುತ್ತವೆ.

ಕನ್ನಡದಲ್ಲಿ ಹೆಸರಿಟ್ಟ ಫೈಲ್‌ಗಳಿಗೆ ಮಾತ್ರ ? ಕೈಕೊಡುತ್ತದೆ. ರ?.ಪಿಡಿಎಫ್ ಎಂದು ಹುಡುಕಿದರೆ ‘ರಮ’ ಸಿಗುತ್ತದೆ, ‘ರವಿ’ ಸಿಗುವುದಿಲ್ಲ. ನಮಗೆ ‘ವಿ’ ಒಂದೇ ಅಕ್ಷರ, ಆದರೆ ಯೂನಿಕೋಡ್ (ಕಂಪ್ಯೂಟರ್‌ನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಪದ್ಧತಿ) ಲೆಕ್ಕದಲ್ಲಿ ವ ಒಂದು, ಗುಡಿಸು ಇನ್ನೊಂದು. ‘ಸ್ತ್ರೀ’ ಅಂತೂ ಆರು! ಹಾಗಾಗಿ ಕನ್ನಡ ಹೆಸರಿಗೆ ನಾನು * ಬಿಟ್ಟು ಬೇರೇನೂ ಬಳಸುವುದಿಲ್ಲ.

ಲಿನಕ್ಸ್‌ನಲ್ಲಿ ಇನ್ನೊಂದು ತರಲೆ. ಎಷ್ಟೋ ಕ್ಯಾಮೆರಾಗಳು ಜೆಪಿಜಿ ಅನ್ನು ದೊಡ್ಡಕ್ಷರದಲ್ಲಿ ಬರೆಯುತ್ತವೆ. ಸಣ್ಣಕ್ಷರದ ಪ್ಯಾಟರ್ನ್ ಅವನ್ನು ಸುಮ್ನೆ ದಾಟಿ ಹೋಗುತ್ತದೆ, ಎರರ್ ಕೂಡ ತೋರಿಸುವುದಿಲ್ಲ. ಪೈಥಾನ್ 3.12 ಅಥವಾ ಅದಕ್ಕಿಂತ ಹೊಸದಿದ್ದರೆ ಆರ್‌ಗ್ಲಾಬ್‌ಗೆ ಕೇಸ್_ಸೆನ್ಸಿಟಿವ್=ಫಾಲ್ಸ್ ಎಂದು ಸೇರಿಸಿ. ಹಳೆಯದಾದರೆ * ಮಾತ್ರ ಕೊಟ್ಟು, ಪ್ರತಿ ಫೈಲ್‌ನ ಸಫಿಕ್ಸ್ (ಹೆಸರಿನ ಕೊನೆಯ ಚುಕ್ಕೆಯಿಂದ ಮುಂದಿನ ಭಾಗ) ಅನ್ನು ಸಣ್ಣಕ್ಷರಕ್ಕೆ ತಿರುಗಿಸಿ ಹೋಲಿಸಿ.

ಪ್ಯಾಟರ್ನ್‌ಗೆ ಫೋಲ್ಡರ್ ಹೆಸರೂ ಹೊಂದಬಹುದು. ಫೈಲ್ ಮಾತ್ರ ಸಾಕಾದರೆ ಈಸ್_ಫೈಲ್ ಎಂದು ಕೇಳಿ.

ಸಿಕ್ಕಿದ ಫೈಲ್‌ಗಳ ಹೆಸರು ಬದಲಿಸುವುದೋ ಅಳಿಸುವುದೋ ಇದ್ದರೆ ಅವಸರ ಬೇಡ. ಆರ್‌ಗ್ಲಾಬ್ ಹುಡುಕುತ್ತಾ ಹುಡುಕುತ್ತಾ ಒಂದೊಂದಾಗಿ ಕೊಡುತ್ತದೆ. ನಡುವೆ ಫೋಲ್ಡರ್ ಬದಲಾದರೆ ಗೊಂದಲವಾಗಬಹುದು. ಮೊದಲು ಲಿಸ್ಟ್‌ಗೆ ಹಾಕಿಕೊಳ್ಳಿ, ಪ್ರಿಂಟ್ ಮಾಡಿ ಕಣ್ಣಾಡಿಸಿ. ಅಳಿಸುವ ಸಾಲನ್ನು ಆಮೇಲೆ ಬರೆಯಿರಿ. ಅನ್‌ಲಿಂಕ್ (ಪಾಥ್‌ನಲ್ಲಿ ಫೈಲ್ ಅಳಿಸುವ ಆದೇಶ) ಮಾಡಿದ ಫೈಲ್ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ.