ಧರೆಗೆ ಸಿಮೆಂಟಿಲ್ಲದ ಕಲ್ಲುಗೋಡೆ

ಇಳಿಜಾರಿನ ಹಿತ್ತಲನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡಿ ತರಕಾರಿ, ಹೂವು ಬೆಳೆಸುವವರು ಈಗೀಗ ಧರೆ (ಇಳಿಜಾರಿನ ಮಣ್ಣು ಕಡಿದಾಗ ನಿಲ್ಲುವ ಕಡಿದಾದ ಬದಿ) ಕಡಿದ ಕೂಡಲೇ ಸಿಮೆಂಟ್ ಗೋಡೆ ಎಬ್ಬಿಸುತ್ತಾರೆ. ನನ್ನನ್ನು ಕೇಳಿದರೆ ಮೂರಡಿ ಎತ್ತರದ ಧರೆಗೆ ಅಷ್ಟೆಲ್ಲ ಖರ್ಚು ಬೇಡ. ಮಲೆನಾಡಿನ ಮಳೆ ಗೊತ್ತಲ್ವಾ? ಆಗುಂಬೆಯಲ್ಲಿ ವರ್ಷದ ಸರಾಸರಿಯೇ 7000 ಮಿಲಿಮೀಟರ್ ದಾಟುತ್ತದೆ. ಮಣ್ಣಿಗಿಳಿದ ನೀರು ಗೋಡೆಯ ಬೆನ್ನಿಗೆ ಬಂದು ನಿಲ್ಲುತ್ತದೆ. ಹೊರಗೆ ಬರಲು ದಾರಿ ಇಲ್ಲದಿದ್ದರೆ ಗೋಡೆಯನ್ನೇ ದೂಡುತ್ತದೆ. ಬರೀ ಕಲ್ಲು ಜೋಡಿಸಿದ ಗೋಡೆಯಲ್ಲಿ ಸಂದುಸಂದಿನಿಂದಲೂ ನೀರು ಸೋರಿಹೋಗುತ್ತದೆ.

ಮಳೆ ಹಿಡಿಯುವ ಮೊದಲೇ ಕೆಲಸ ಮುಗಿಸಿ. ಇಡೀ ಧರೆಯನ್ನು ಒಟ್ಟಿಗೆ ಕಡಿಯಬೇಡಿ, ಒಂದೆರಡು ದಿನದಲ್ಲಿ ಕಟ್ಟಲು ಆಗುವಷ್ಟನ್ನೇ ಕಡಿಯಿರಿ. ಮೂಲೆ ಇರುವ ಕಾಡುಕಲ್ಲು ಇದಕ್ಕೆ ಸರಿ. ಹೊಳೆಯ ಉರುಟುಕಲ್ಲು ನೋಡಲು ಚಂದ, ಆದರೆ ಒಂದರ ಮೇಲೊಂದು ಕೂರುವುದಿಲ್ಲ. ರಾಶಿಯಿಂದ ಕಲ್ಲು ತೆಗೆಯುವಾಗ ಮೊದಲು ಹಾರೆಯಿಂದ ಮಗುಚಿ. ಅಡಿಯಲ್ಲಿ ಚೇಳೋ ಹಾವೋ ಇದ್ದರೆ ಕೈ ಉಳಿಯುತ್ತದೆ.

ಪಾಯ ಒಂದಡಿ ಆಳ ಇರಲಿ, ಗಟ್ಟಿ ಮಣ್ಣು ಸಿಗದಿದ್ದರೆ ಇನ್ನೂ ಸ್ವಲ್ಪ ತೋಡಿ. ಗೋಡೆ ಮೂರಡಿ ಎತ್ತರವಾದರೆ ಬುಡ ಒಂದೂವರೆ ಅಡಿಯಾದರೂ ಅಗಲ ಬೇಕು. ದೊಡ್ಡ ಕಲ್ಲುಗಳೆಲ್ಲ ಕೆಳಗೆ.

ಇನ್ನು ಕಲ್ಲು ಕೂರಿಸುವುದು. ಕಲ್ಲಿನ ಉದ್ದ ಧರೆಯ ಒಳಗೆ ಹೋಗಬೇಕು. ಅಗಲವಾಗಿ ಕಾಣಲಿ ಅಂತ ಉದ್ದದ ಮುಖವನ್ನು ಹೊರಗಿಡುವವರೇ ಜಾಸ್ತಿ. ಅಂಥ ಗೋಡೆ ಬರೀ ತೋರಿಕೆಗೆ. ಸಂದಿನ ಮೇಲೆ ಸಂದು ಬಾರದಂತೆ, ಒಂದು ಕಲ್ಲು ಕೆಳಗಿನ ಎರಡರ ಮೇಲೆ ಕೂರಲಿ. ಅಲುಗಿದರೆ ಚಕ್ಕೆಕಲ್ಲನ್ನು ಹಿಂದಿನಿಂದ ತುರುಕಿ. ಮುಂದಿನಿಂದ ತುರುಕಿದ್ದು ಒಂದು ಮಳೆಗಾಲದಲ್ಲೇ ಉದುರುತ್ತದೆ. ಒಂದೊಂದು ವರಸೆ ಮುಗಿದಾಗಲೂ ಮೇಲೆ ಹತ್ತಿ ನಿಂತು ನೋಡಿ. ನಡು ಎತ್ತರದಲ್ಲಿ ಮೂರು ನಾಲ್ಕು ಅಡಿಗೊಂದು ಉದ್ದ ಕಲ್ಲು ಗೋಡೆ ದಾಟಿ ಮಣ್ಣಿನವರೆಗೂ ಹೋಗಲಿ. ಗೋಡೆ ನೆಟ್ಟಗೆ ಬೇಡ. ಅಡಿಗೆ ಎರಡು ಇಂಚಿನಂತೆ ಧರೆಯ ಕಡೆ ವಾಲಲಿ. ಗೂಟ ಹೊಡೆದು ದಾರ ಕಟ್ಟಿಕೊಂಡರೆ ಲೆಕ್ಕ ತಪ್ಪುವುದಿಲ್ಲ.

ಗೋಡೆಗೂ ಧರೆಗೂ ನಡುವೆ ಒಂದಡಿ ಜಾಗ ಬಿಟ್ಟು ಚೂರುಕಲ್ಲು ತುಂಬಿ, ಗೋಡೆ ಏರಿದ ಹಾಗೆ ಇದೂ ಏರಲಿ. ಕೊನೆಯಲ್ಲಿ ಒಟ್ಟಿಗೆ ಸುರಿದರೆ ಸರಿಯಾಗಿ ಕೂರುವುದಿಲ್ಲ. ಚೂರುಕಲ್ಲು ಸಾಲದು ಅಂತ ಸುಮ್ನೆ ಮಣ್ಣು ತುಂಬಿದಿರೋ, ನೀರಿನ ದಾರಿ ಮುಚ್ಚಿತು ಅಂತಲೇ ಲೆಕ್ಕ. ಮೇಲಿನ ಪಾತಿಯ ನೀರು ನೇರ ಗೋಡೆಗೆ ಬೀಳದಂತೆ ಒಂದು ಸಣ್ಣ ಕಾಲುವೆ ತೆಗೆದು ಪಕ್ಕಕ್ಕೆ ತಿರುಗಿಸಿ.

ತುದಿಗೆ ಭಾರದ ಚಪ್ಪಟೆ ಕಲ್ಲು ಹೊದಿಸಿ, ಹಿಂದೆ ಮಜ್ಜಿಗೆ ಹುಲ್ಲೋ ಲಾವಂಚವೋ ನೆಡಿ. ಬೇರು ಮಣ್ಣು ಹಿಡಿಯುತ್ತದೆ, ಕಷಾಯಕ್ಕೂ ಆಯಿತು. ಸಂದಿನಲ್ಲಿ ಜರಿಗಿಡ ಬಂದರೆ ಬರಲಿ. ಆಲ, ಅರಳಿ ಸಸಿ ಕಂಡರೆ ಎರಡೆಲೆ ಇರುವಾಗಲೇ ಕೀಳಿ.

ಮಳೆಗಾಲದ ನಡುವೆ ಒಮ್ಮೆ ಗೋಡೆಯ ಉದ್ದಕ್ಕೂ ನೋಡಿ. ಎಲ್ಲಾದರೂ ಹೊಟ್ಟೆ ಬಂದಿದ್ದರೆ ಹತ್ತಿರ ಓಡಾಡಬೇಡಿ, ಮಳೆ ಕಳೆದ ಮೇಲೆ ಅಷ್ಟು ಭಾಗ ಬಿಚ್ಚಿ ಅದೇ ಕಲ್ಲಿನಿಂದ ಕಟ್ಟಿ. ಧರೆ ಮೂರಡಿಗಿಂತ ಎತ್ತರವಿದ್ದರೆ ಎರಡು ಮೆಟ್ಟಿಲು ಮಾಡಿ. ಮೇಲೆ ಮನೆಯೋ ರಸ್ತೆಯೋ ಇದ್ದರೆ ಮಾತ್ರ ನೀವೇ ಕೈ ಹಾಕಬೇಡಿ, ಅನುಭವ ಇರುವ ಕಲ್ಲುಕೆಲಸದವರನ್ನೇ ಕರೆಸಿ.