ದಿನಕ್ಕೆ ಒಂದೇ ತೋಟ: ಇಂಗ್ಲೆಂಡಿನಲ್ಲಿ ನಾನು ಸುತ್ತುವ ರೀತಿ

ಕೆಂಟ್, ಸಸೆಕ್ಸ್ ಕಡೆ ಕಾರಿನಲ್ಲಿ ಹೋದರೆ ಒಂದೇ ದಿನಕ್ಕೆ ಮೂರು ತೋಟ ಮುಗಿಸಬಹುದು. ನಾನು ಮಾತ್ರ ಒಂದಕ್ಕೇ ನಿಲ್ಲಿಸುತ್ತೇನೆ. ಬೆಳಿಗ್ಗೆ ಒಂದು ಸುತ್ತು, ಚಹಾ ಕುಡಿದು ಇನ್ನೊಂದು ಸುತ್ತು. ಬೆಳಕು ಬದಲಾದರೆ ಅದೇ ಹೂವು ಬೇರೆಯೇ ಕಾಣುತ್ತದೆ.

ಕೆಂಟ್‌ನ ಸಿಸಿಂಗ್‌ಹರ್ಸ್ಟ್ ತೋಟದಲ್ಲಿ ಮೊದಲು ಗೋಪುರ ಹತ್ತುತ್ತೇನೆ. ಪಾಳುಬಿದ್ದಿದ್ದ ಈ ಜಾಗವನ್ನು ಲೇಖಕಿ ವೀಟಾ ಸ್ಯಾಕ್‌ವಿಲ್-ವೆಸ್ಟ್, ಹ್ಯಾರಲ್ಡ್ ನಿಕಲ್ಸನ್ ದಂಪತಿ ಕೊಂಡದ್ದು 1930ರಲ್ಲಿ. ನಕ್ಷೆ ಗಂಡನದು, ಗಿಡಗಳ ಆಯ್ಕೆ ಹೆಂಡತಿಯದು. ಇಟ್ಟಿಗೆ ಗೋಡೆ, ಕತ್ತರಿಸಿದ ಯೂ ಗಿಡಗಳ ಬೇಲಿ, ನಡುವೆ ಕೋಣೆ ಕೋಣೆಯಾಗಿ ತೋಟ. ಮೇಲಿಂದ ಇದನ್ನು ನೋಡಿಕೊಂಡರೆ ಕೆಳಗೆ ಸುಮ್ನೆ ಅಲೆಯುವುದು ಸುಲಭ. ಬಿಳಿ ಹೂಗಳದೇ ಒಂದು ತೋಟವಿದೆ. ಅದಕ್ಕೆ ಜುಲೈ ಮೊದಲ ವಾರ ಒಳ್ಳೆಯದು, ಬಿಳಿ ಬಳ್ಳಿಗುಲಾಬಿ ಅರಳುವ ಹೊತ್ತು. ಜನವೂ ಜಾಸ್ತಿ, ಏನು ಮಾಡುವುದು!

ವಿಲ್ಟ್‌ಶೈರ್‌ನ ಸ್ಟೌರ್‌ಹೆಡ್‌ಗೆ ಅಕ್ಟೋಬರ್ ಕೊನೆ. ಎಲೆಗಳ ಬಣ್ಣ ನೋಡುತ್ತಾ ಕೆರೆ ಸುತ್ತಿದರೆ ಸಾಕು.

ನನಗೆ ತೀರಾ ಹಿಡಿಸಿದ್ದು ಸಸೆಕ್ಸ್‌ನ ಗ್ರೇಟ್ ಡಿಕ್ಸ್‌ಟರ್, ಅದೂ ಸೆಪ್ಟೆಂಬರ್‌ನಲ್ಲಿ. ವಾಸ್ತುಶಿಲ್ಪಿ ಲಟ್ಯನ್ಸ್ ವಿನ್ಯಾಸ ಮಾಡಿದ್ದ ಹಳೆಯ ಗುಲಾಬಿ ತೋಟವನ್ನು ಮನೆಯ ಒಡೆಯ ಕ್ರಿಸ್ಟೋಫರ್ ಲಾಯ್ಡ್ 1990ರ ದಶಕದಲ್ಲಿ ಕಿತ್ತು ಹಾಕಿಸಿದರು. ಅಲ್ಲಿಗೆ ಬಂದದ್ದು ಬಾಳೆ, ಕಾಬಾಳೆ, ಡೇರೆ. ಗುಲಾಬಿ ಪ್ರಿಯರಿಗೆ ಎಷ್ಟು ಉರಿದಿರಬೇಡ! ನನಗೋ, ಹಿತ್ತಲಿನ ಬಾಳೆಗೆ ಇಷ್ಟೊಂದು ಮರ್ಯಾದೆಯೇ ಅಂತ ನಗು. ಆ ಬಾಳೆ ಚಳಿ ತಡೆಯುವ ಜಾತಿ, ಹಣ್ಣು ತಿನ್ನುವಂಥದ್ದಲ್ಲ. ಚಳಿಗಾಲಕ್ಕೆ ಅದರ ಕಾಂಡಕ್ಕೂ ಹೊದಿಕೆ ಬೇಕು. ಇಷ್ಟು ಕಷ್ಟಪಟ್ಟು ಬೆಳೆಸುವುದು ಬರೀ ಎಲೆಯ ಅಂದಕ್ಕೆ. ದೊಡ್ಡ ಎಲೆಗಳ ನಡುವೆ ಕೆಂಪು ಡೇರೆ ಇಣುಕುವುದನ್ನು ನೋಡಿದ ಮೇಲೆ ಲಾಯ್ಡ್ ಮಾಡಿದ್ದೇ ಸರಿ ಅನ್ನಿಸಿತು.

ಭಾನುವಾರಗಳಲ್ಲಿ ತೋಟ ತೆರೆದಿದೆ ಎಂದು ಹೇಳುವ ಹಳದಿ ಬೋರ್ಡು ಹುಡುಕುತ್ತೇನೆ. ನ್ಯಾಷನಲ್ ಗಾರ್ಡನ್ ಸ್ಕೀಮ್‌ನಡಿ ಜನ ತಮ್ಮ ಸ್ವಂತ ತೋಟವನ್ನೇ ಊರಿಗೆ ತೆರೆದಿಡುತ್ತಾರೆ. 1927ರಲ್ಲಿ ಶುರುವಾದಾಗ ಟಿಕೆಟ್ ಒಂದು ಶಿಲ್ಲಿಂಗ್. ಹಣ ಹೋಗುವುದು ನರ್ಸಿಂಗ್, ಆರೋಗ್ಯ ಸೇವೆಯ ಸಂಸ್ಥೆಗಳಿಗೆ. ಇಲ್ಲಿ ಮಣ್ಣು, ಗೊಬ್ಬರ, ಬಸವನಹುಳುವಿನ ಕಾಟ, ಎಲ್ಲವನ್ನೂ ತೋಟದವರ ಹತ್ತಿರವೇ ಕೇಳಬಹುದು. ಎಷ್ಟೋ ಕಡೆ ಸಸಿಗಳನ್ನೂ ಮಾರುತ್ತಾರೆ. ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಅವನ್ನು ಭಾರತಕ್ಕೆ ತರುವಂತಿಲ್ಲ. ಹಾಗಾಗಿ ನಾನು ಕೇಕ್ ಕೊಳ್ಳುತ್ತೇನೆ.